ಅನುಯಾಯಿಗಳ ಲೆಕ್ಕ ಮತ್ತು ಸಾಧರ್ಮಿಕರ ಋಣ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಆಡೂರು ಕರ್ನಾಟಕದ ಜೈನ ಇತಿಹಾಸದಲ್ಲಿ ತನ್ನದೇ ಆದ ಸ್ಥಾನವನ್ನು ಪಡೆದ ಗ್ರಾಮ. ಬಾದಾಮಿ ಚಾಲುಕ್ಯರ ಅರಸನಾದ ಕೀರ್ತಿವರ್ಮನ ಕಾಲದ ಶಿಲಾಶಾಸನವೊಂದು ಇಲ್ಲಿ ದೊರೆತಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜೆ.ಎಫ್. ಫ್ಲೀಟ್ ಅವರು ಅದನ್ನು ಪ್ರಕಟಿಸಿದರು. ಊರಿನ ಗಾಮುಂಡರು ಜಿನಾಲಯಕ್ಕೆ ಭೂಮಿಯನ್ನು ದಾನವಾಗಿ ಕೊಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಈ ಕೀರ್ತಿವರ್ಮನು ಮೊದಲನೆಯವನೋ ಎರಡನೆಯವನೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಎರಡನೆಯವನೆಂದೇ ಹಿಡಿದರೂ ಶಾಸನದ ವಯಸ್ಸು 12 ಶತಮಾನಗಳನ್ನು ಮೀರುತ್ತದೆ. ಕೊಟ್ಟವರು ಯಾರು, ಕೊಟ್ಟದ್ದು ಏನು, ಯಾವ ಕಾರ್ಯಕ್ಕಾಗಿ ಎಂಬ ಮೂರು ಪ್ರಶ್ನೆಗಳಿಗೆ ಆ ಕಲ್ಲು ಇಂದಿಗೂ ಉತ್ತರ ಹೇಳುತ್ತದೆ. ಆ ಜಿನಾಲಯವನ್ನು ಎಷ್ಟು ಜನ ಹೊಗಳಿದರು ಎಂಬುದನ್ನು ಅದು ಹೇಳುವುದಿಲ್ಲ.

ಇಂದಿನ ಬಸದಿಗಳ ಹಾಗೂ ಟ್ರಸ್ಟುಗಳ ಕಾರ್ಯವಿಧಾನವನ್ನು ಈ ಕಲ್ಲಿನ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮುಂತಾದ ಸಾಮಾಜಿಕ ಜಾಲತಾಣಗಳಲ್ಲಿ ಬಸದಿಯ ಹೆಸರಿನಲ್ಲಿ ಪುಟವೊಂದನ್ನು ತೆರೆಯುವುದು ಈಗ ಸಾಮಾನ್ಯ ಸಂಗತಿ. ಅಭಿಷೇಕ, ಆರಾಧನೆ, ಮುನಿವಿಹಾರ, ದಾನಕಾರ್ಯ ಎಲ್ಲವೂ ಕ್ಷಣಾರ್ಧದಲ್ಲಿ ಅಲ್ಲಿ ಪ್ರಕಟವಾಗುತ್ತವೆ. ಇಷ್ಟರಲ್ಲಿ ದೋಷವಿಲ್ಲ. ಆದರೆ ಪುಟದ ಅನುಯಾಯಿಗಳ ಸಂಖ್ಯೆಯೇ ಸಂಸ್ಥೆಯ ಯಶಸ್ಸಿನ ಅಳತೆಗೋಲಾದಾಗ ವಿಚಾರ ಬೇರೆಯಾಗುತ್ತದೆ. ‘ಅನುಯಾಯಿಗಳನ್ನು ಹೆಚ್ಚಿಸುವುದು ಹೇಗೆ’ ಎಂದು ಬೋಧಿಸುವ ವ್ಯಾಪಾರೀ ಉಪದೇಶಗಳು ಧರ್ಮಸಂಸ್ಥೆಗಳ ಒಳಗೂ ಪ್ರವೇಶಿಸಿರುವುದರಿಂದ, ಅವುಗಳನ್ನು ಶ್ರಾವಕಾಚಾರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯವಾಗಿದೆ.

ಪುಟವನ್ನು ನಡೆಸುವವರ ವಾದವನ್ನು ಮೊದಲು ಕೇಳಬೇಕು. ಅವರ ಪ್ರಕಾರ ಇದು ಪ್ರಭಾವನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಪ್ರಭಾವನೆಯೂ ಒಂದು. ಜಿನಶಾಸನದ ಮಹಿಮೆಯನ್ನು ಲೋಕಕ್ಕೆ ತಿಳಿಸುವುದು ಶ್ರಾವಕನ ಕರ್ತವ್ಯ. ಈ ವಾದವು ಅಲಕ್ಷಿಸತಕ್ಕದ್ದಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. ಇಷ್ಟು ಚಿಕ್ಕ ಸಮಾಜವು ಊರೂರುಗಳಲ್ಲಿ ಚದುರಿಹೋಗಿರುವಾಗ ಪರಸ್ಪರ ತಿಳಿದುಕೊಳ್ಳಲು ಸಾಧನವೊಂದು ಬೇಕೇ ಬೇಕು. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಮಹಾಮಸ್ತಕಾಭಿಷೇಕವನ್ನು ಬೆಟ್ಟವೇರಲಾರದ ವೃದ್ಧರೂ ವಿದೇಶದಲ್ಲಿರುವ ಕುಟುಂಬಗಳೂ ಮನೆಯಲ್ಲಿಯೇ ಕಣ್ತುಂಬಿಕೊಂಡವು. 2020ರಲ್ಲಿ ಮಹಾಮಾರಿಯ ಕಾರಣದಿಂದ ದೇವಾಲಯಗಳ ಬಾಗಿಲು ಮುಚ್ಚಿದಾಗ ಅನೇಕ ಮನೆಗಳಲ್ಲಿ ಸ್ವಾಧ್ಯಾಯವು ನಿಲ್ಲದೆ ಉಳಿದದ್ದು ಈ ಸಾಧನಗಳ ಮೂಲಕವೇ. ಸಾಧನವನ್ನು ನಿಂದಿಸುವುದು ವಿಚಾರವಂತರ ಲಕ್ಷಣವಲ್ಲ.

ಆದರೆ ಎಂಟು ಅಂಗಗಳ ಕ್ರಮವನ್ನು ಗಮನಿಸಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಶ್ಶಂಕಿತದಿಂದ ಮೊದಲುಗೊಂಡು ಎಣಿಸಿದಾಗ ಕೊನೆಯ ನಾಲ್ಕು ಅಂಗಗಳು ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಮತ್ತು ಪ್ರಭಾವನೆ. ಅನ್ಯರ ದೋಷವನ್ನು ಬೀದಿಗೆ ಎಳೆಯದಿರುವುದು ಉಪಗೂಹನ. ದಾರಿ ತಪ್ಪುತ್ತಿರುವವನನ್ನು ಕೈಹಿಡಿದು ಮತ್ತೆ ನಿಲ್ಲಿಸುವುದು ಸ್ಥಿತಿಕರಣ. ಸಾಧರ್ಮಿಕರಲ್ಲಿ ನಿಷ್ಕಪಟವಾದ ಪ್ರೀತಿ ವಾತ್ಸಲ್ಯ. ಇವು ಮೂರೂ ಆದ ಮೇಲೆ ಪ್ರಭಾವನೆ ಬರುತ್ತದೆ. ಜಾಲತಾಣದ ಉಪದೇಶವು ಈ ಕ್ರಮವನ್ನು ತಿರುವುಮುರುವು ಮಾಡಿದೆ. ಅಲ್ಲಿ ಪ್ರಭಾವನೆಯೇ ಮೊದಲು. ವಾತ್ಸಲ್ಯಕ್ಕೆ ಸಮಯ ಉಳಿದರೆ ಆಮೇಲೆ. ಅಡಿಪಾಯವನ್ನು ತೋಡದೆ ಶಿಖರಕ್ಕೆ ಕಳಶವಿಡಲು ಹೊರಟವನ ಸಾಹಸವಿದು.

ವ್ಯಾಪಾರೀ ಉಪದೇಶದ ಮೊದಲನೆಯ ಸೂತ್ರವು ಸಂಖ್ಯೆಯನ್ನು ಬೇಗನೆ ಏರಿಸಿ ತೋರಿಸಬೇಕೆಂಬುದು. ಇದಕ್ಕಾಗಿ ಹಣ ಕೊಟ್ಟು ಅನುಯಾಯಿಗಳನ್ನು ಕೊಳ್ಳುವ ಪೇಟೆಯೇ ಹುಟ್ಟಿಕೊಂಡಿದೆ. 2018ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಡೆವುಮಿ ಎಂಬ ಅಮೆರಿಕದ ಕಂಪನಿಯ ವ್ಯವಹಾರವನ್ನು ಬಯಲಿಗೆಳೆಯಿತು. ಇಲ್ಲದ ಮನುಷ್ಯರ ಖಾತೆಗಳನ್ನು ಅದು ಅನುಯಾಯಿಗಳೆಂದು ಮಾರುತ್ತಿತ್ತು. ಕೆಲವು ಖಾತೆಗಳಿಗೆ ನಿಜವಾದ ಜನರ ಹೆಸರು, ಭಾವಚಿತ್ರಗಳನ್ನು ಅವರಿಗೆ ತಿಳಿಯದಂತೆ ಬಳಸಲಾಗಿತ್ತು. 2019ರ ಅಕ್ಟೋಬರಿನಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಈ ವ್ಯಾಪಾರದ ವಿರುದ್ಧ ಕ್ರಮ ಜರುಗಿಸಿತು. ಭಾರತದಲ್ಲಿಯೂ ಸುಳ್ಳು ಅಭಿಪ್ರಾಯಗಳ ಹಾವಳಿಯನ್ನು ತಡೆಯಲು 2022ರ ನವೆಂಬರಿನಲ್ಲಿ, ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನಕವನ್ನು ಜಾರಿಗೆ ತರಲಾಯಿತು.

ಸರ್ಕಾರಗಳು ಇತ್ತೀಚೆಗೆ ಗುರುತಿಸಿದ ಈ ದೋಷಗಳನ್ನು ತತ್ತ್ವಾರ್ಥಸೂತ್ರವು ಅಣುವ್ರತಗಳ ಅತಿಚಾರಗಳಲ್ಲಿ ಎಂದೋ ಎಣಿಸಿಟ್ಟಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಒಂದು. ನಕಲಿ ವಸ್ತುವನ್ನು ಅಸಲಿಯೆಂದು ಸಾಗಿಸುವ ಪ್ರತಿರೂಪಕ ವ್ಯವಹಾರ ಇನ್ನೊಂದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಲೇಖವನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯೂ ಇನ್ನೊಬ್ಬರ ಗುಟ್ಟನ್ನು ಬಯಲು ಮಾಡುವ ರಹೋಭ್ಯಾಖ್ಯಾನವೂ ಸೇರಿವೆ. ಕೊಂಡ ಸಂಖ್ಯೆಯನ್ನು ಗಳಿಸಿದ ಸಂಖ್ಯೆಯೆಂದು ತೋರಿಸುವುದು ಕಳ್ಳತಕ್ಕಡಿಯೇ ಸರಿ. ತಾವೇ ಬರೆದ ಹೊಗಳಿಕೆಯನ್ನು ಪರರ ಹೆಸರಿನಲ್ಲಿ ಹಾಕುವುದು ಕೂಟಲೇಖ. ಒಬ್ಬರು ನಂಬಿ ಕಳಿಸಿದ ಸಂದೇಶವನ್ನು ಗುಂಪಿನಲ್ಲಿ ಹರಿಬಿಡುವುದು ರಹೋಭ್ಯಾಖ್ಯಾನ. ಅಂಗಡಿಯ ತಕ್ಕಡಿಯಲ್ಲಿ ಗುಲಗಂಜಿಯಷ್ಟು ವ್ಯತ್ಯಾಸಕ್ಕೂ ಅಂಜುವ ಶ್ರಾವಕನು ಬಸದಿಯ ಪುಟದಲ್ಲಿ ಸಾವಿರಗಳ ವ್ಯತ್ಯಾಸಕ್ಕೆ ಅಂಜದಿರುವುದು ಆಶ್ಚರ್ಯದ ಸಂಗತಿ.

ಲೆಕ್ಕಶಾಸ್ತ್ರದ ಒಂದು ನಿಯಮವೂ ಇಲ್ಲಿ ಸ್ಮರಣೀಯ. ವ್ಯಾಪಾರಿಯೊಬ್ಬನು ವರ್ಷಾನುಗಟ್ಟಲೆ ಪ್ರಾಮಾಣಿಕತೆಯಿಂದ ಗಳಿಸಿದ ಗುಡ್‌ವಿಲ್, ಅಂದರೆ ಕೀರ್ತಿಮೌಲ್ಯವನ್ನು, ಅವನ ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಇನ್ನೊಬ್ಬರ ಉದ್ಯಮವನ್ನು ಹಣ ಕೊಟ್ಟು ಕೊಂಡಾಗ ಸಂದಾಯ ಮಾಡಿದ ಕೀರ್ತಿಮೌಲ್ಯವನ್ನು ಮಾತ್ರ ಪುಸ್ತಕದಲ್ಲಿ ಬರೆಯಬಹುದು. ಸ್ವತಃ ಗಳಿಸಿದ ವಿಶ್ವಾಸಕ್ಕೆ ಖಚಿತವಾದ ಬೆಲೆ ಕಟ್ಟಲಾಗದು ಎಂಬುದೇ ಇದರ ತಿರುಳು. ಧರ್ಮಸಂಸ್ಥೆಗೂ ಈ ಮಾತು ಅನ್ವಯಿಸುತ್ತದೆ. ರೋಗಿಯ ಮನೆಗೆ ಹೋಗಿ ಕುಳಿತ ಒಂದು ಗಂಟೆ, ಬಡ ವಿದ್ಯಾರ್ಥಿಯ ಶುಲ್ಕವನ್ನು ಸದ್ದಿಲ್ಲದೆ ತುಂಬಿದ ರಸೀದಿ, ಮುನಿದವರನ್ನು ಒಂದುಗೂಡಿಸಿದ ಸಂಧಾನ, ಇವು ಯಾವ ಪುಟದ ಅಂಕಿಯಲ್ಲಿಯೂ ಕಾಣುವುದಿಲ್ಲ. ಕಾಣುವ ಅಂಕಿಯನ್ನೇ ಆಸ್ತಿಯೆಂದು ನಂಬಿದ ಟ್ರಸ್ಟು ಕಾಣದ ಆಸ್ತಿಯನ್ನು ಕರಗಿಸಿಕೊಳ್ಳುತ್ತದೆ. ಕರಗಿದ್ದು ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಎರಡನೆಯ ಸೂತ್ರವು ಮೊದಲ ಕ್ಷಣಗಳಲ್ಲಿಯೇ ನೋಡುಗನನ್ನು ಕೆರಳಿಸಬೇಕೆಂಬುದು. ಕೋಪ, ಬೆರಗು, ನಿಂದೆಗಳು ಬೇಗ ಹರಡುತ್ತವೆ. ಒಂದು ಪಂಥ ಇನ್ನೊಂದು ಪಂಥವನ್ನು ಹಳಿಯುವ, ತ್ಯಾಗಿಗಳ ಸಣ್ಣಪುಟ್ಟ ಲೋಪಗಳನ್ನು ಚಿತ್ರಸಮೇತ ಹಂಚುವ ಪ್ರವೃತ್ತಿಗೆ ಇದೇ ಮೂಲ. ಉಪಗೂಹನಕ್ಕೆ ಸಮಂತಭದ್ರರು ನಿದರ್ಶನವಾಗಿ ಹೆಸರಿಸಿದ ಜಿನೇಂದ್ರಭಕ್ತನು ಒಬ್ಬ ವರ್ತಕನೆಂಬುದು ಗಮನಾರ್ಹ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನೊಬ್ಬನು ಅವನ ಚೈತ್ಯಾಲಯದ ರತ್ನವನ್ನು ಕದ್ದು ಓಡುವಾಗ ಸಿಕ್ಕಿಬೀಳುತ್ತಾನೆ. ಮಾರ್ಗಕ್ಕೆ ಅಪಕೀರ್ತಿ ಬರಬಾರದೆಂದು ಶ್ರೇಷ್ಠಿಯು ಆ ರತ್ನವನ್ನು ತಾನೇ ತರಿಸಿದೆನೆಂದು ಹೇಳಿ ಜನರನ್ನು ಕಳಿಸುತ್ತಾನೆ. ಬಳಿಕ ಆ ಕಪಟಿಯನ್ನು ಛೀಮಾರಿ ಹಾಕಿ ಅಟ್ಟುತ್ತಾನೆ.

ಈ ಕಥೆಯನ್ನು ತಪ್ಪಾಗಿ ಬಳಸಲೂ ಸಾಧ್ಯ. ಟ್ರಸ್ಟಿನ ಹಣದ ದುರುಪಯೋಗವನ್ನು ಉಪಗೂಹನದ ಹೆಸರಿನಲ್ಲಿ ಮುಚ್ಚಿಡುವವರು ಇಲ್ಲದಿಲ್ಲ. ಕಥೆಯಲ್ಲಿ ರತ್ನವು ಚೈತ್ಯಾಲಯಕ್ಕೆ ಮರಳಿತು, ಕಳ್ಳನು ಹೊರಹೋದನು, ಮಾತಿನ ಭಾರವನ್ನು ಶ್ರೇಷ್ಠಿಯೇ ಹೊತ್ತನು. ರತ್ನವೂ ಮರಳದೆ, ಕಳ್ಳನೂ ಕದಲದೆ ಸುದ್ದಿಯೊಂದೇ ಅಡಗಿದರೆ ಅದು ಉಪಗೂಹನವಲ್ಲ, ಅಪರಾಧದಲ್ಲಿ ಪಾಲುಗಾರಿಕೆ. ಲೆಕ್ಕವನ್ನು ಸಭೆಯ ಮುಂದಿಡಬೇಕು; ವ್ಯಕ್ತಿಯ ಮಾನವನ್ನು ಸಂತೆಯಲ್ಲಿ ಹರಾಜಿಗಿಡಬಾರದು. ಜಾಲತಾಣದಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಇದರ ವಿರುದ್ಧ: ಮಾನವು ಹರಾಜಾಗುತ್ತದೆ, ಲೆಕ್ಕವು ಮುಚ್ಚಿಯೇ ಇರುತ್ತದೆ.

ಮೂರನೆಯ ಸೂತ್ರವು ಹೆಚ್ಚು ಜನರಿಗೆ ಹಂಚಿರಿ ಎಂಬುದು. ಹಂಚುವಿಕೆ ಜೈನರಿಗೆ ಹೊಸದಲ್ಲ. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಓಲೆಗರಿಯ ಆ ಕಾಲದಲ್ಲಿ ಪ್ರತಿಯೊಂದು ಪ್ರತಿಯ ಹಿಂದೆಯೂ ಲಿಪಿಕಾರನೊಬ್ಬನ ದೀರ್ಘಕಾಲದ ದುಡಿಮೆ ಇತ್ತು, ದಾನಿಯ ಧನವಿತ್ತು, ಸ್ವೀಕರಿಸಿದವನ ಮೇಲೆ ಓದುವ ಹೊಣೆಯಿತ್ತು. ಇಂದು ಬೆರಳೊಂದನ್ನು ಒತ್ತಿದರೆ ಸಂದೇಶವು ಸಾವಿರ ಕಡೆಗೆ ಹೋಗುತ್ತದೆ. ಕಳಿಸಿದವನೇ ಅದನ್ನು ಪೂರ್ತಿ ಓದಿರುವುದಿಲ್ಲ. ದಶಲಕ್ಷಣ ಪರ್ವದ ನಂತರದ ಕ್ಷಮಾವಾಣಿಯ ದಿನ ಈ ವಿಪರ್ಯಾಸವು ಎದ್ದು ಕಾಣುತ್ತದೆ. ಉತ್ತಮಕ್ಷಮೆಯ ಚಿತ್ರವೊಂದು ವಾಟ್ಸ್‌ಆಪಿನ ನೂರಾರು ಹೆಸರುಗಳಿಗೆ ರವಾನೆಯಾಗುತ್ತದೆ. ಆ ಹೆಸರುಗಳಲ್ಲಿ ಮನೆಯ ಪಾಲಿಗಾಗಿ ಕೋರ್ಟು ಹತ್ತಿದ ಸ್ವಂತ ಅಣ್ಣನ ಹೆಸರು ಇರುವುದಿಲ್ಲ. ಯಾರಲ್ಲಿ ಕ್ಷಮೆ ಕೇಳಬೇಕಾಗಿತ್ತೋ ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರಲ್ಲಿಯೂ ಕೇಳಿದ ಕ್ಷಮೆಗೆ ಏನು ಬೆಲೆ?

ಮನುಷ್ಯನೊಬ್ಬನು ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳಿಗೆ ಮಿತಿಯುಂಟು. ಬ್ರಿಟನ್ನಿನ ವಿದ್ವಾಂಸ ರಾಬಿನ್ ಡನ್‌ಬಾರ್ ಅವರು 1990ರ ದಶಕದಲ್ಲಿ ಆ ಮಿತಿಯನ್ನು ಸುಮಾರು 150 ಎಂದು ಅಂದಾಜಿಸಿದರು. ಆ ಸಂಖ್ಯೆಯ ಬಗ್ಗೆ ವಾದಗಳಿದ್ದರೂ ಮಿತಿಯೊಂದಿದೆ ಎಂಬುದು ಅನುಭವಕ್ಕೆ ಬರುವ ಮಾತು. ಪರಿಗ್ರಹಕ್ಕೆ ಪರಿಮಾಣವನ್ನು ವಿಧಿಸಿದ ಧರ್ಮದಲ್ಲಿ ಹೊಗಳುವವರ ಸಂಗ್ರಹಕ್ಕೂ ಪರಿಮಾಣವಿರಬೇಕಲ್ಲವೇ?

ಹಾಗಾದರೆ ಜಾಲದಿಂದ ಮಹತ್ಕಾರ್ಯವಾಗದೇ? ಆಗುತ್ತದೆ. ಜಾರ್ಖಂಡದ ಸಮ್ಮೇದಶಿಖರವು 20 ತೀರ್ಥಂಕರರ ನಿರ್ವಾಣಭೂಮಿ. ಅಲ್ಲಿ ಪ್ರವಾಸೋದ್ಯಮವನ್ನು ಬೆಳೆಸುವ ಕ್ರಮದ ವಿರುದ್ಧ 2022ರ ಕೊನೆಯಲ್ಲಿ ದೇಶದಾದ್ಯಂತ ಜೈನರು ಶಾಂತಿಯುತವಾಗಿ ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಅಲ್ಲಿಯ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಕರೆಯು ಮೊಬೈಲುಗಳ ಮೂಲಕ ಹರಿದಾಡಿದ್ದು ನಿಜ. ಆದರೆ ಕರೆಗೆ ಓಗೊಟ್ಟು ಅಂಗಡಿ ಮುಚ್ಚಿ ಹೊರಬಂದವರು ಒಂದೇ ಬಸದಿಯಲ್ಲಿ ಪೂಜೆ ಮಾಡಿದವರು, ಒಬ್ಬರ ಮನೆಯ ಸುಖದುಃಖಗಳಲ್ಲಿ ಇನ್ನೊಬ್ಬರು ನಿಂತವರು. ತಂತಿಯು ಸುದ್ದಿಯನ್ನು ಮುಟ್ಟಿಸಬಹುದು. ಎದ್ದು ಬರುವ ಮನಸ್ಸನ್ನು ಮೊದಲೇ ಬೆಳೆಸಿರಬೇಕು.

ಈ ವಿವೇಚನೆಯಿಂದ ಟ್ರಸ್ಟುಗಳಿಗೆ ಕೆಲವು ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಸಂಖ್ಯೆಯನ್ನು ಹಣ ಕೊಟ್ಟು ಕೊಳ್ಳುವುದಿಲ್ಲವೆಂದು ಸಭೆಯಲ್ಲಿ ನಿರ್ಣಯಿಸಬೇಕು. ಉತ್ಸವದ ಚಿತ್ರಗಳೊಡನೆ ವರ್ಷದ ಜಮಾಖರ್ಚನ್ನೂ ಪ್ರಕಟಿಸಬೇಕು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಪಡೆಯುವವರ ಮುಖವನ್ನು ತೋರಿಸಬಾರದು. ಪಡೆದವನ ಲಜ್ಜೆಯನ್ನು ಕಾಯುವುದೂ ಅಭಯದಾನವೇ. ಪುಟದಲ್ಲಿ ಸಂದೇಹ ಕೇಳಿದ ತರುಣನಿಗೆ ಕೈಮುಗಿದ ಚಿಹ್ನೆಯ ಬದಲು ಬಲ್ಲವರಿಂದ ಉತ್ತರ ಬರೆಯಿಸಬೇಕು. ಅನುಯಾಯಿಗಳ ಪಟ್ಟಿಗಿಂತ ಮೊದಲು ಊರಿನ ಒಂಟಿ ವೃದ್ಧರ, ವಿಧವೆಯರ, ಪೂಜೆಗೆ ಕುಟುಂಬವಿಲ್ಲದ ಹಳ್ಳಿಯ ಬಸದಿಗಳ ಪಟ್ಟಿ ಸಿದ್ಧವಾಗಬೇಕು. ಮನೆಗಳಲ್ಲಿ ಹಿರಿಯರು ಮಕ್ಕಳ ಕೈಯಿಂದ ಫೋನನ್ನು ಕಿತ್ತುಕೊಳ್ಳುವ ಬದಲು, ಕ್ಷಮಾವಾಣಿಯ ದಿನ ಅವರನ್ನು ಕರೆದುಕೊಂಡು ಮಾತು ಬಿಟ್ಟವರ ಮನೆಯ ಹೊಸ್ತಿಲನ್ನು ತುಳಿದರೆ, ಸಂಬಂಧವೆಂದರೇನೆಂಬ ಪಾಠವು ತಾನಾಗಿ ತಿಳಿಯುತ್ತದೆ.

ಶಾಸನದಲ್ಲಿ ಹೆಸರು ಕೆತ್ತಿಸಿದ ಆಡೂರಿನ ಗಾಮುಂಡರೂ ಪ್ರಚಾರವನ್ನೇ ಬಯಸಿದರಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಪಂಪನ ಆದಿಪುರಾಣದಲ್ಲಿ ಇದಕ್ಕೆ ಸಮಾಧಾನವಿದೆ. ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿಯು ತನ್ನ ಹೆಸರನ್ನು ಬರೆಯಿಸಲು ವೃಷಭಾಚಲಕ್ಕೆ ಹೋದಾಗ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೆಲ್ಲ ತುಂಬಿಹೋಗಿರುತ್ತದೆ. ಒಂದು ಹೆಸರನ್ನು ಅಳಿಸಿಯೇ ಅವನ ಹೆಸರಿಗೆ ಜಾಗ ಮಾಡಬೇಕಾಗುತ್ತದೆ. ಅವನ ಗರ್ವವು ಅಲ್ಲಿಯೇ ಇಳಿಯುತ್ತದೆ. ಆ ಬೆಟ್ಟದ ಹೆಸರುಗಳು ಗೆದ್ದವರವು, ಒಂದನ್ನು ಅಳಿಸಿದಾಗಲೇ ಇನ್ನೊಂದಕ್ಕೆ ಸ್ಥಳ. ಆಡೂರಿನ ಹೆಸರುಗಳು ಕೊಟ್ಟವರವು. ಕೊಟ್ಟ ಭೂಮಿಗೂ ವಹಿಸಿಕೊಂಡ ಕಾರ್ಯಕ್ಕೂ ಅವು ಸಾಕ್ಷಿಯಾಗಿ ನಿಂತಿವೆ. ಅವುಗಳ ಪಕ್ಕದಲ್ಲಿ ಇನ್ನೊಬ್ಬ ದಾನಿಯ ಹೆಸರಿಗೆ ಎಂದಿಗೂ ಸ್ಥಳಾಭಾವವಿಲ್ಲ. ಬಸದಿಯ ಪುಟದಲ್ಲಿ ಹೆಸರೊಂದನ್ನು ಏರಿಸುವ ಮುನ್ನ ಅದು ವೃಷಭಾಚಲದ ಹೆಸರೋ ಆಡೂರಿನ ಕಲ್ಲಿನ ಹೆಸರೋ ಎಂದು ಟ್ರಸ್ಟಿನವರು ಒಮ್ಮೆ ಕೇಳಿಕೊಂಡರೆ ಸಾಕು.