ತೊಟ್ಟಿಲು, ಕಚೇರಿ ಮತ್ತು ಅರ್ಧಕ್ಕೆ ನಿಂತ ಕಥೆ

ಹೊರದೇಶದ ಕನ್ನಡ ಬರವಣಿಗೆಯ ಮೇಲೆ ಒಂದು ಹಳೆಯ ದೂರಿದೆ: ಇಲ್ಲಿಂದ ಬರುವುದೆಲ್ಲ ಲಲಿತ ಪ್ರಬಂಧ, ಹನಿಗವನ, ಪ್ರವಾಸಕಥನ, ದೊಡ್ಡ ಕಾದಂಬರಿಗೆ ಬೇಕಾದ ದಮ್ಮು ನಮಗಿಲ್ಲ. ದೂರಿನಲ್ಲಿ ಸತ್ಯವಿದೆ. ಆದರೆ ಅದಕ್ಕೆ ಪ್ರತಿಭೆಯ ಕೊರತೆಯೋ ಬೇರು ಕಿತ್ತುಬಂದ ಬದುಕೋ ಕಾರಣವೆಂದು ಹೇಳಿ ಸುಮ್ಮನಾಗುವುದು ವಿಮರ್ಶೆಯ ಸೋಮಾರಿತನ. ಬರೆಯುವವರ ದಿನಚರಿಯನ್ನೂ ಒಮ್ಮೆ ನೋಡಬೇಕು. ನಮ್ಮಲ್ಲಿ ಅನೇಕರಿಗೆ ಬರವಣಿಗೆಯಲ್ಲಿ ಕೈ ಕುದುರುವ ವರ್ಷಗಳೇ ಮಗು ಹುಟ್ಟುವ ವರ್ಷಗಳು, ನೌಕರಿಯಲ್ಲಿ ಕಾಲೂರಬೇಕಾದ ವರ್ಷಗಳು.

ಊರಿನ ಓದುಗರು ವಿದೇಶವೆಂದರೆ ಸೌಕರ್ಯವೆಂದುಕೊಳ್ಳುತ್ತಾರೆ. ನಾನಿರುವ ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು ಕೊಡುವುದು 12 ವಾರಗಳ ರಜೆ, ಸಂಬಳವಿಲ್ಲದೆ. ಖಾಸಗಿ ಕಂಪನಿಯಾದರೆ ಕನಿಷ್ಠ 50 ನೌಕರರಿರಬೇಕು. ಕೆಲವು ರಾಜ್ಯಗಳು, ಕಂಪನಿಗಳು ಹೆಚ್ಚು ಕೊಡುವುದುಂಟು. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಸಂಘಟಿತ ವಲಯದ ತಾಯಿಗೆ ಮೊದಲೆರಡು ಹೆರಿಗೆಗೆ ಸಂಬಳಸಹಿತ 26 ವಾರ. ಇಲ್ಲಿ ಮಗು ಕತ್ತು ನಿಲ್ಲಿಸುವ ಹೊತ್ತಿಗೆ ತಾಯಿ ಮೀಟಿಂಗಿನಲ್ಲಿರುತ್ತಾಳೆ. ಅವಳ ಕಥೆ ಎಲ್ಲಿ ಕುಳಿತು ಬರೆಯಲ್ಪಡಬೇಕು?

ಈ ಪ್ರಶ್ನೆ ನಮಗೆ ಮಾತ್ರ ಎದುರಾದದ್ದಲ್ಲ. ಕೆನಡಾದ ಆಲಿಸ್ ಮನ್ರೋ ಅವರ ಮೊದಲ ಕಥಾಸಂಕಲನ 1968ರಲ್ಲಿ ಬಂದಾಗ ಅವರಿಗೆ 37 ವರ್ಷ. ಮಕ್ಕಳನ್ನು ನೋಡಿಕೊಳ್ಳುತ್ತ ಕಾದಂಬರಿಗೆ ಬೇಕಾದ ನಿರಂತರ ಸಮಯ ಸಿಗದೆ ಸಣ್ಣಕಥೆಗೆ ಬಂದೆನೆಂದು ಅವರೇ ಹೇಳಿಕೊಂಡಿದ್ದಾರೆ. 2013ರಲ್ಲಿ ನೊಬೆಲ್ ಬಂದದ್ದು ಆ ಸಣ್ಣಕಥೆಗಳಿಗೇ. ಟೋನಿ ಮಾರಿಸನ್ ಇಬ್ಬರು ಗಂಡುಮಕ್ಕಳನ್ನು ಸಾಕುತ್ತ, ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿಯುತ್ತ ಬರೆದ ಮೊದಲ ಕಾದಂಬರಿ 1970ರಲ್ಲಿ ಪ್ರಕಟವಾಯಿತು.

ನಮಗೆ ಇನ್ನೂ ಹತ್ತಿರದ ಪಾಠ ಟಿಲ್ಲೀ ಓಲ್ಸನ್ ಅವರದು. ಅವರ ಪ್ರಸಿದ್ಧ ಕಥೆಯೊಂದರಲ್ಲಿ ತಾಯಿಯೊಬ್ಬಳು ಇಸ್ತ್ರಿ ಮಾಡುತ್ತ ಹಿರಿಮಗಳ ಬಗ್ಗೆ ಯೋಚಿಸುತ್ತಾಳೆ. ಎಂಟು ತಿಂಗಳ ಕೂಸನ್ನು ಕೆಳಮನೆಯ ಹೆಂಗಸಿನ ಬಳಿ ಬಿಟ್ಟು ದುಡಿಯಲು ಹೋಗಬೇಕಾಗಿ ಬಂದ ಸಂಕಟ ಅಲ್ಲಿದೆ. ನಡುವೆ ಇನ್ನೊಂದು ಮಗು ಕರೆಯುತ್ತದೆ; ಯೋಚನೆ ತುಂಡಾಗುತ್ತದೆ; ಒದ್ದೆ ಬಟ್ಟೆ ಬದಲಿಸಿ ಆಕೆ ಮತ್ತೆ ಹಿಡಿದ ಎಳೆಗೆ ಮರಳುತ್ತಾಳೆ. ಅಡ್ಡಿಯೇ ಇಲ್ಲಿ ಕಥೆಯ ಕಟ್ಟಡವಾಗಿದೆ. ಹಾಗೆಂದು ಓಲ್ಸನ್ ಅದನ್ನು ವೈಭವೀಕರಿಸಲಿಲ್ಲ. ಸಂಸಾರ, ದುಡಿಮೆಗಳ ನಡುವೆ ಬರೆಯಲಾಗದೆ ಉಳಿದದ್ದರ ಲೆಕ್ಕವನ್ನು 1978ರ ಪ್ರಬಂಧಸಂಕಲನದಲ್ಲಿ ನಿಷ್ಠುರವಾಗಿ ಕೊಟ್ಟರು.

ಕನ್ನಡಕ್ಕೂ ಈ ವಸ್ತು ಹೊಸದಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಬಾಣಂತಿತನದಲ್ಲಿ ಮಾನಸಿಕ ಕಾಯಿಲೆಗೆ ಬಿದ್ದು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಕಾದಂಬರಿಯ ನಿಜವಾದ ಭಯ ಕಾಯಿಲೆಯದಲ್ಲ, ಮರಳುವುದರದು: ಅವಳು ಗುಣವಾಗಿದ್ದಾಳೆಂದು ಮನೆಯವರು ನಂಬುವುದಿಲ್ಲ. ಇದನ್ನು ಬರೆದ ತ್ರಿವೇಣಿ 1963ರಲ್ಲಿ, 34ರ ವಯಸ್ಸಿನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರು ಬರೆದದ್ದು ಸುಮಾರು 20 ಕಾದಂಬರಿ. ಮನೆಗೆ ಮರಳುವ ಬಾಣಂತಿಯನ್ನು ಅಷ್ಟು ಹಿಂದೆಯೇ ಕಂಡ ಭಾಷೆಯಲ್ಲಿ, ಕಚೇರಿಗೆ ಮರಳುವ ಬಾಣಂತಿಯನ್ನು ಕಾಣಬೇಕಾದವರು ನಾವು.

ಆದರೆ ನಾವೇನು ಬರೆಯುತ್ತಿದ್ದೇವೆ? ಡಯಾಪರ್ ಬದಲಿಸಲು ಒದ್ದಾಡುವ ಅಪ್ಪನ ಹಾಸ್ಯ, ಊರಿನ ಎಣ್ಣೆನೀರು, ಸಾಂಬ್ರಾಣಿ ಹೊಗೆಯ ಹಂಬಲ. ಎರಡೂ ಓದಲು ಹಿತ. ಕಚೇರಿಯ ಪುಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪಂಪಿನಿಂದ ಹಾಲು ತೆಗೆಯುವ ಹೆಣ್ಣು ಮಾತ್ರ ನಮ್ಮ ಗದ್ಯದಲ್ಲಿ ಅಪರೂಪ. ಡೇಕೇರಿನ ಬಿಲ್ಲು, ಅದರಿಂದ ಗಂಡಹೆಂಡಿರ ನಡುವೆ ಏಳುವ ಲೆಕ್ಕಾಚಾರ, ಯಾರ ನೌಕರಿ ಮುಖ್ಯವೆಂಬ ಮೌನ ಜಗಳ, ಇವೂ ಅಪರೂಪ.

ಇನ್ನೂ ದೊಡ್ಡ ಗೈರುಹಾಜರಿ ಅಜ್ಜಿಯದು. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವ ಆರು ತಿಂಗಳಿಗೆಂದು ಅಮ್ಮನೋ ಅತ್ತೆಯೋ ಬಾಣಂತನಕ್ಕೆ ಬರುತ್ತಾರೆ. ಮಗಳು ಕೆಲಸಕ್ಕೆ ಹೋಗುವುದು, ಅಳಿಯ ಸಂಜೆ ಕವಿತೆ ಬರೆಯುವುದು, ಎರಡೂ ಅವರ ಬೆನ್ನುನೋವಿನ ಮೇಲೆ. ಆಡಲು ಜನರಿಲ್ಲದ ಬೀದಿ, ಹಿಮ, ಊರಲ್ಲಿ ಒಬ್ಬರೇ ಉಳಿದ ಯಜಮಾನರ ಸಕ್ಕರೆ ಕಾಯಿಲೆ, ಇದೆಲ್ಲ ಅವರೊಳಗಿದೆ. ನಮ್ಮ ಕಥೆಗಳಲ್ಲಿ ಅವರು ಬಿಸಿಬಿಸಿ ದೋಸೆ ಹಾಕಿ ಹೊರಡುತ್ತಾರೆ. ನಮ್ಮ ಬರವಣಿಗೆಯ ಸಮಯ ಯಾರಿಂದ ಸಾಲ ತಂದದ್ದೆಂದು ಕೇಳದ ಸಾಹಿತ್ಯಕ್ಕೆ ತನ್ನ ಬದುಕೇ ಅರ್ಧ ಗೊತ್ತು.

ಸಮಯವಿಲ್ಲವೆಂಬುದು ನಿಜವಾದ ಕಾರಣ, ಆದರೆ ದುರ್ಬಲ ಬರಹಕ್ಕೆ ಅದು ರಿಯಾಯಿತಿ ಚೀಟಿಯಲ್ಲ. ಇಪ್ಪತ್ತು ನಿಮಿಷದಲ್ಲಿ ಬರೆದ ಪುಟವನ್ನು ಇನ್ನೊಂದು ದಿನದ ಇಪ್ಪತ್ತು ನಿಮಿಷದಲ್ಲಿ ತಿದ್ದಬಹುದು. ಮನ್ರೋ, ಓಲ್ಸನ್ ಕಲಿಸುವುದು ಚಿಕ್ಕದನ್ನು ಬಿಗಿಯಾಗಿ ಕಟ್ಟುವುದನ್ನು. ಹಾಗೆಯೇ ನಮ್ಮ ಸಂಪಾದಕರೂ ಕನ್ನಡ ಸಂಘಗಳೂ ಯುಗಾದಿ, ರಾಜ್ಯೋತ್ಸವದ ಸಂಚಿಕೆಗೆ ವಾರದೊಳಗೆ ಲೇಖನ ಬೇಡುವುದನ್ನು ಬಿಟ್ಟು, ಒಂದೇ ಕಥೆಗೆ ವರ್ಷದ ಗಡುವು ಕೊಡಲಿ. ಸಂಘದ ಕಮ್ಮಟ ನಡೆವಾಗ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಇಬ್ಬರನ್ನು ಕೂರಿಸಲಿ. ಈ ಸಲವಾದರೂ ಆ ಇಬ್ಬರು ಅಪ್ಪಂದಿರಾಗಿರಲಿ.