ಅಲ್ಲಿ ಇಲ್ಲದವಳ ಪಟ್ಟಿ

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ, ನಾಗರಬಾವಿಯಲ್ಲಿರುವ ನನ್ನ ದೊಡ್ಡಪ್ಪನ ಮಗನ ಮನೆಯ ತಾರಸಿಯಲ್ಲಿ ಆರೇಳು ಜನ ಸೇರುತ್ತಾರೆ. ಎಲ್ಲರೂ ಒಂದೇ ಎಂಜಿನಿಯರಿಂಗ್ ಕಾಲೇಜಿನವರು. ಈಗ ಒಬ್ಬರು ಬ್ಯಾಂಕಿನಲ್ಲಿದ್ದಾರೆ, ಒಬ್ಬರು ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾರೆ, ಉಳಿದವರು ಸಾಫ್ಟ್‌ವೇರ್. ಕೂದಲು ಉದುರಿದೆ, ಹೊಟ್ಟೆ ಬಂದಿದೆ, ಕಪ್ಪು ಟೀ ಶರ್ಟು ಮಾತ್ರ ಬದಲಾಗಿಲ್ಲ. ಅವರನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಒಂದೇ ಒಂದು ರಾತ್ರಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಅವರೆಲ್ಲ ಅಲ್ಲಿದ್ದರು. ನಾನಿರಲಿಲ್ಲ.

ಸಂಜೆಯ ಮೊದಲರ್ಧ ನೆನಪಿಗೆ ಮೀಸಲು. ಎರಡು ದಿನ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ನಿಂತುಹೋಗಿ, ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿದ್ದರು. ಹಾಗಾಗಿ ಬೆಂಗಳೂರಿನಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಆತಂಕದಿಂದಲೇ ಕಥೆ ಶುರುವಾಗುತ್ತದೆ. ಆಮೇಲೆ ಮೇಖ್ರಿ ಸರ್ಕಲ್ಲಿನಿಂದ ನಡೆದದ್ದು, ಸಾಲಿನಲ್ಲಿ ನಿಂತದ್ದು, ಕೆಸರಿನಲ್ಲಿ ಒಬ್ಬನ ಚಪ್ಪಲಿ ಕಿತ್ತುಹೋದದ್ದು. ಮಳೆ ಸುರಿಯುತ್ತಲೇ ಇತ್ತು ಅಂತ ಒಬ್ಬರು, ಇಲ್ಲ, ಅಷ್ಟೊತ್ತಿಗೆ ನಿಂತಿತ್ತು ಅಂತ ಇನ್ನೊಬ್ಬರು. ಕೊನೆಗೆ ದೀಪ ಆರುತ್ತದೆ. ಎನ್ನಿಯೋ ಮೋರಿಕೋನೆಯ ಆ ಹಳೆಯ ಸಿನಿಮಾ ಸಂಗೀತ ಕತ್ತಲಿನಲ್ಲಿ ಕೇಳಿಬರುತ್ತದೆ. 1983ರಿಂದ ಮೆಟಾಲಿಕಾ ವೇದಿಕೆ ಹತ್ತುವ ಮುನ್ನ ಅದನ್ನೇ ಹಾಕುವುದು. ಕಥೆ ಈ ಜಾಗಕ್ಕೆ ಬಂದಾಗ ಅಣ್ಣನ ದನಿ ಪ್ರತಿ ವರ್ಷವೂ ಸಣ್ಣಗಾಗುತ್ತದೆ.

ಎರಡನೆಯ ಅರ್ಧ ಪಟ್ಟಿಯದ್ದು. ಎಲ್ಲರೂ ಒಂದೊಂದು ಚೀಟಿಯಲ್ಲಿ ಮೆಟಾಲಿಕಾದ ಸ್ಟುಡಿಯೋ ಆಲ್ಬಮ್‌ಗಳನ್ನು ತಮಗೆ ತೋಚಿದ ಕ್ರಮದಲ್ಲಿ ಬರೆಯಬೇಕು. ಆ ರಾತ್ರಿಯ ಹೊತ್ತಿಗೆ ಒಂಬತ್ತಿದ್ದವು. 2016ರಲ್ಲಿ ಒಂದು, 2023ರಲ್ಲಿ ಇನ್ನೊಂದು ಸೇರಿ ಈಗ ಹನ್ನೊಂದು. ಮೊದಲನೆಯದಕ್ಕೆ ಹನ್ನೊಂದು ಅಂಕ, ಕೊನೆಯದಕ್ಕೆ ಒಂದು. ಬ್ಯಾಂಕಿನವರು ಕೂಡಿ ಹೇಳುತ್ತಾರೆ. ಲೂ ರೀಡ್ ಜೊತೆ ಸೇರಿ ಮಾಡಿದ 'ಲುಲು' ಲೆಕ್ಕಕ್ಕಿಲ್ಲ. ಅದು ಬಿಡುಗಡೆಯಾದದ್ದು ಬೆಂಗಳೂರಿನ ಆ ರಾತ್ರಿಯ ಮರುದಿನವೇ. 'ನಮ್ಮ ಖುಷಿ ಒಂದು ದಿನ ಬಾಳಿಕೆ ಬಂತು' ಎನ್ನುವುದು ಅವರ ಹಳೆಯ ತಮಾಷೆ.

ನಾಲ್ಕು ವರ್ಷದ ಹಿಂದೆ ಮೊದಲ ಬಾರಿ ನಾನೂ ಒಂದು ಚೀಟಿ ಕೇಳಿದೆ. ಬ್ಯಾಂಕಿನವರು ನಕ್ಕು, 'ನೀನು ಅಲ್ಲಿರಲಿಲ್ವಲ್ಲಮ್ಮ?' ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ಮಾತು ನನ್ನೊಳಗೆ ಕೂತುಬಿಟ್ಟಿತು. 2011ರಲ್ಲಿ ನಾನು ತಿಪಟೂರಿನಲ್ಲಿ ಒಂಬತ್ತನೆಯ ಕ್ಲಾಸು. ಅಣ್ಣ ಕೊಟ್ಟಿದ್ದ ಸಿಡಿಯನ್ನು ಸವೆಯುವಷ್ಟು ಕೇಳಿದ್ದೆ. 'ಅಣ್ಣಾ, ನಾನೂ ಬರ್ತೀನಿ' ಅಂತ ಫೋನಿನಲ್ಲಿ ಗೋಗರೆದಿದ್ದೆ. ಹೆಣ್ಣುಮಗು, ರಾತ್ರಿ ಹೊತ್ತು, ಅಷ್ಟು ಜನದ ನಡುವೆ ಎಂದು ಮನೆಯಲ್ಲಿ ಮಾತು ಅಲ್ಲಿಗೇ ಮುಗಿಯಿತು. ದೀಪಾವಳಿ ಕಳೆದು ಎಷ್ಟೋ ದಿನವಾದ ಮೇಲೆ ಊರಿಗೆ ಬಂದ ಅಣ್ಣ, 'ಅಲ್ಲಿ ಹುಡುಗೀರೂ ಇದ್ರು ಕಣೇ' ಅಂದಿದ್ದ. ಸಮಾಧಾನಕ್ಕೆ ಹೇಳಿದ್ದೋ, ತಪ್ಪೊಪ್ಪಿಗೆಯೋ, ನಾನು ಕೇಳಲಿಲ್ಲ.

ನನ್ನ ಸಂಶೋಧನೆ ಕನ್ನಡ ವಿಮರ್ಶೆಯ ಬಗ್ಗೆ. ಅಲ್ಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೇಂದ್ರೆಯವರ ಬಾಯಲ್ಲೇ ಪದ್ಯ ಕೇಳಿದವರು ಬರೆದ ಲೇಖನಗಳಲ್ಲಿ ಒಂದು ಅಧಿಕಾರ ಇರುತ್ತದೆ. ಅವರು ಕೈ ಹೇಗೆ ಎತ್ತಿದರು, ಎಲ್ಲಿ ನಿಲ್ಲಿಸಿದರು, ಸಭೆ ಹೇಗೆ ಕೂತಿತ್ತು ಎಂಬ ವಿವರಗಳ ಮುಂದೆ, ಪುಸ್ತಕ ಮಾತ್ರ ಓದಿದ ನನ್ನಂಥವಳ ಮಾತು ಹಗುರವಾಗಿ ಕಾಣುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಹಾಗಂತ ನನಗೆ ಬೇಂದ್ರೆ ದಕ್ಕುವುದೇ ಇಲ್ಲವೇ? ಮುದ್ರಿತ ಪುಸ್ತಕ ಇರುವುದೇ ಅಲ್ಲಿ ಇಲ್ಲದವರಿಗಾಗಿ. ಆಲ್ಬಮ್ಮೂ ಹಾಗೆಯೇ. ಮೈದಾನದ ನೆನಪಿಗೆ ಟಿಕೆಟ್ಟು ಬೇಕು. ಪಟ್ಟಿಗೆ ಕಿವಿ ಸಾಕು. ಆದ್ದರಿಂದ ಅಭಿಮಾನಿಗಳ ಈ ಪಟ್ಟಿಯ ಆಟವನ್ನು ಹುಡುಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಪಟ್ಟಿ ಮಾಡುವುದು ನಮಗೆ ಹೊಸದೂ ಅಲ್ಲ. ಕವಿರಾಜಮಾರ್ಗವೇ ತನಗಿಂತ ಹಿಂದಿನ ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರಿಸಿ ಪಟ್ಟಿ ಕೊಡುತ್ತದೆ. ಪಂಪ, ಪೊನ್ನ, ರನ್ನರನ್ನು ರತ್ನತ್ರಯರು ಎನ್ನುತ್ತೇವೆ. ಮೂರೂ ರತ್ನಗಳು ಸಮ ಎಂದು ಹೆಸರು ಹೇಳುತ್ತದೆ. ಆದರೆ ತರಗತಿಯಲ್ಲಿ ಪಂಪನಿಗೆ ತಿಂಗಳುಗಟ್ಟಲೆ ಪಾಠ, ರನ್ನನಿಗೆ ಕೆಲವು ವಾರ, ಉಭಯ ಕವಿ ಚಕ್ರವರ್ತಿ ಎಂಬ ಬಿರುದಿದ್ದ ಪೊನ್ನನಿಗೆ ಒಂದು ಟಿಪ್ಪಣಿ. ಬಾಯಿಬಿಟ್ಟು ಹೇಳದ ಪಟ್ಟಿಗಿಂತ ಅಂಕ ಹಾಕಿ ಕೂಡಿದ ಪಟ್ಟಿ ವಾಸಿ. ಅದರ ಜೊತೆ ಜಗಳವಾದರೂ ಆಡಬಹುದು.

ನನ್ನ ಜಗಳ ಇಷ್ಟು. ತಾರಸಿಯ ಪಟ್ಟಿಯಲ್ಲಿ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಯಾವತ್ತೂ ಮೊದಲು, 1984ರ 'ರೈಡ್ ದ ಲೈಟ್ನಿಂಗ್' ಎರಡನೆಯದು. 1991ರ, ಎಲ್ಲರೂ ಬ್ಲ್ಯಾಕ್ ಆಲ್ಬಮ್ ಎನ್ನುವ 'ಮೆಟಾಲಿಕಾ' ನಾಲ್ಕು ಅಥವಾ ಐದು. 1996 ಮತ್ತು 1997ರ 'ಲೋಡ್', 'ರೀಲೋಡ್' ಕೆಳಗೆ. 2003ರ 'ಸೇಂಟ್ ಆಂಗರ್' ತಳದಲ್ಲಿ. ಈ ಕ್ರಮದ ಹಿಂದೊಂದು ಕಥೆ ಇದೆ: ಮೊದಲು ಸುವರ್ಣಯುಗ, ಆಮೇಲೆ ಹಾಡು ಚಿಕ್ಕದಾಯಿತು, ವೇಗ ತಗ್ಗಿತು, ದುಡ್ಡು ಬಂತು, ಕೂದಲು ಕತ್ತರಿಸಿಕೊಂಡರು, ಪತನ. ಇದು ಸುಳ್ಳು ಕಥೆಯಲ್ಲ. 1982ರಲ್ಲಿ ಈ ವಾದ್ಯವೃಂದದ ಡೆಮೊ ಕ್ಯಾಸೆಟ್ಟನ್ನು ಕೈಯಿಂದ ಕೈಗೆ ನಕಲು ಮಾಡಿ ಹಂಚಿಕೊಂಡ ಹುಡುಗರಿಗೆ ಅದು ಬದುಕಿದ ಸತ್ಯ. ಅವರ ಮಟ್ಟಿಗೆ 1991 ನಿಜವಾದ ನಷ್ಟ.

ಆದರೆ ಅದು ನಮ್ಮ ಕಥೆಯೇ? ಅಣ್ಣ ಮತ್ತು ಗೆಳೆಯರು ಮೆಟಾಲಿಕಾವನ್ನು ಕೇಳಿದ್ದು ಪಿಯುಸಿಯ ಹೊತ್ತಿಗೆ, ಮೆಜೆಸ್ಟಿಕ್ ಕಡೆ ಕೊಂಡ ಒಂದು ಎಂಪಿ3 ಸಿಡಿಯಲ್ಲಿ. ಅಲ್ಲಿಯವರೆಗಿನ ಎಂಟೂ ಆಲ್ಬಮ್‌ಗಳು ಅದೊಂದರಲ್ಲೇ ಇದ್ದವು. ಕಂಪ್ಯೂಟರು ಅವನ್ನು ತೋರಿಸುತ್ತಿದ್ದದ್ದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಹಾಗಾಗಿ 1988ರ 'ಆ್ಯಂಡ್ ಜಸ್ಟೀಸ್ ಫಾರ್ ಆಲ್' ಮೊದಲು ಬರುತ್ತಿತ್ತು, ಆಮೇಲೆ ಚೊಚ್ಚಲ ಆಲ್ಬಮ್ 'ಕಿಲ್ ಎಮ್ ಆಲ್', ಅದಾದ ಕೂಡಲೇ 'ಲೋಡ್'. ಸುವರ್ಣಯುಗವೂ ಪತನವೂ ಒಂದೇ ಮಧ್ಯಾಹ್ನ ಅವರ ಕೋಣೆಗೆ ಬಂದವು. ಅವರಿಗೆ ಮೊದಲು ಇಷ್ಟವಾದದ್ದು ಬ್ಲ್ಯಾಕ್ ಆಲ್ಬಮ್ ಎಂದು ಅಣ್ಣನೇ ಎಷ್ಟೋ ಸಲ ಹೇಳಿದ್ದಾನೆ. ಅದನ್ನು ನಾಲ್ಕಕ್ಕೆ ಇಳಿಸಬೇಕು ಎಂದು ಕಲಿತದ್ದು ಆಮೇಲೆ, ಬೇರೆಯವರ ಇತಿಹಾಸ ಓದಿ.

ಇದಕ್ಕೆ ಸಾಕ್ಷಿ ಸಂಜೆಯ ಮೊದಲರ್ಧದಲ್ಲೇ ಇದೆ. ಅವರು ಅತಿ ಹೆಚ್ಚು ಹೇಳುವ ನೆನಪುಗಳು ಯಾವ ಹಾಡಿನವು ಎಂದು ಎರಡು ವರ್ಷ ಗಮನಿಸಿದೆ. 'ನಥಿಂಗ್ ಎಲ್ಸ್ ಮ್ಯಾಟರ್ಸ್'ಗೆ ಇಡೀ ಮೈದಾನ ದನಿಗೂಡಿಸಿದ್ದು. 'ಎಂಟರ್ ಸ್ಯಾಂಡ್‌ಮನ್' ಶುರುವಾದಾಗ ಗುರುತೇ ಇಲ್ಲದವನೊಬ್ಬ ಅಣ್ಣನ ಹೆಗಲ ಮೇಲೆ ಕೈ ಹಾಕಿದ್ದು. ಎರಡೂ ಬ್ಲ್ಯಾಕ್ ಆಲ್ಬಮ್ಮಿನವು. ನೆನಪಿನಲ್ಲಿ ಮೊದಲನೆಯದಾದದ್ದು ಚೀಟಿಯಲ್ಲಿ ನಾಲ್ಕನೆಯದಾಗುತ್ತದೆ. ನಾನು ಇದನ್ನು ಹೇಳಿದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣ, 'ಅದು ಬೇರೆ, ಇದು ಬೇರೆ' ಅಂದ. ಕನ್ನಡದಲ್ಲಿ ನಾವೂ ಹೀಗೇ ಮಾಡಿದ್ದೇವೆ. 1942ರಲ್ಲಿ ಬಂದ 'ಮೈಸೂರ ಮಲ್ಲಿಗೆ'ಯ ಪದ್ಯಗಳು ಮನೆಮನೆಯಲ್ಲಿ ಬಾಯಿಪಾಠವಾಗಿದ್ದವು. ದೊಡ್ಡ ಕವಿಗಳ ಪಟ್ಟಿ ಮಾಡುವಾಗ ಮಾತ್ರ ವಿಮರ್ಶೆ ಕೆ.ಎಸ್. ನರಸಿಂಹಸ್ವಾಮಿಯವರನ್ನು ಬಹುಕಾಲ ಬಾಗಿಲ ಬಳಿಯೇ ನಿಲ್ಲಿಸಿತ್ತು.

ಹಾಗಾದರೆ ನೆನಪೇ ಪ್ರಮಾಣ, ಅವರವರಿಗೆ ಅವರವರ ಪಟ್ಟಿ ಎಂದುಬಿಡಬಹುದಲ್ಲ? ಹಾಗೆ ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಅಡಿಕೆ ತೋಟದವರ ಚೀಟಿ ಬಿಚ್ಚುವವರೆಗೆ. (ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ಮೊದಲ ಸಾಲಿನಲ್ಲಿ 'ಸೇಂಟ್ ಆಂಗರ್' ಇತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಪಟ್ಟಿ ತಲೆಕೆಳಗೆ ಬರೆದಿದ್ದಾರೆ ಅಂದುಕೊಂಡರು. ಅವರು ನಗಲಿಲ್ಲ. 'ಕುಡಿತ ಬಿಟ್ಟ ಹತ್ತು ತಿಂಗಳು ನಾನು ಇದೊಂದನ್ನೇ ಕೇಳಿದ್ದು ಕಣ್ರೋ' ಅಂದರು. ಅವರು ಅಷ್ಟು ಕುಡಿಯುತ್ತಿದ್ದರು ಎಂಬುದೇ ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಪ್ರತಿ ವರ್ಷ ಜೊತೆಗೆ ಕೂತು ಒಂದೇ ರಾತ್ರಿಯನ್ನು ನೆನೆಯುತ್ತಿದ್ದವರು, ಆಮೇಲಿನ ವರ್ಷಗಳ ಬಗ್ಗೆ ಒಬ್ಬರನ್ನೊಬ್ಬರು ಕೇಳಿಯೇ ಇರಲಿಲ್ಲ.

ಆ ಆಲ್ಬಮ್ಮಿನ ಹಿನ್ನೆಲೆ ಗೊತ್ತಿರುವವರಿಗೆ ಇದು ವಿಚಿತ್ರವೇನಲ್ಲ. 2001ರ ಜನವರಿಯಲ್ಲಿ ಬಾಸ್ ಗಿಟಾರಿನ ಜೇಸನ್ ನ್ಯೂಸ್ಟೆಡ್ ಬಿಟ್ಟುಹೋದ. ಅದೇ ವರ್ಷ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದ, ಮುದ್ರಣ ತಿಂಗಳುಗಟ್ಟಲೆ ನಿಂತಿತು. ಆ ದಿನಗಳ ಜಗಳ, ಮೌನ, ಥೆರಪಿಸ್ಟ್ ಎದುರಿನ ಮಾತುಕತೆ ಎಲ್ಲವೂ 2004ರಲ್ಲಿ ಸಾಕ್ಷ್ಯಚಿತ್ರವಾಗಿ ಬಂತು. ಆಲ್ಬಮ್ಮಿನಲ್ಲಿ ಬಾಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಗಿಟಾರ್ ಸೋಲೋ ಒಂದೂ ಇಲ್ಲ. ಡ್ರಮ್ಮಿನ ಸದ್ದು ತಗಡಿನ ಡಬ್ಬ ಬಡಿದಂತೆ.

ಅವತ್ತು ರಾತ್ರಿ ಹಾಸ್ಟೆಲಿಗೆ ಬಂದು ಎಪ್ಪತ್ತೈದು ನಿಮಿಷ ಕೂತು ಪೂರ್ತಿ ಕೇಳಿದೆ. ಮೊದಲು ನನಗೆ ಅದು ಕೈಲಾಗದವರ ಕೆಲಸವಾಗಿ ಕೇಳಿಸಿತ್ತು. ಈ ಸಲ ಬೇರೊಂದು ಕೇಳಿಸಿತು. ಕೈಚಳಕ ತೋರಿಸಿ ತಪ್ಪಿಸಿಕೊಳ್ಳುವ ದಾರಿಯನ್ನು ಇಲ್ಲಿ ಮುಚ್ಚಿದ್ದಾರೆ. ಉಳಿದ ಆಲ್ಬಮ್‌ಗಳಲ್ಲಿ ಸಿಟ್ಟು ಏರಿದಾಗ ಕರ್ಕ್ ಹ್ಯಾಮೆಟ್‌ನ ಸೋಲೋ ಬಂದು ಬಿಡುಗಡೆ ಕೊಡುತ್ತದೆ. ಇಲ್ಲಿ ಕೊಡುವುದಿಲ್ಲ. ಅದೇ ಗತ್ತು ಮತ್ತೆ ಮತ್ತೆ ಬರುತ್ತದೆ. ಹತ್ತು ತಿಂಗಳು ಒಂದೇ ಆಸೆಯ ಜೊತೆ ಗುದ್ದಾಡಿದವರಿಗೆ ಅದು ಯಾಕೆ ಬೇಕಾಯಿತು ಎಂದು ಸ್ವಲ್ಪ ಅರ್ಥವಾಯಿತು.

ಹಾಗಿದ್ದೂ ನಾನು ಅದನ್ನು ಮೊದಲು ಇಡಲಿಲ್ಲ. ಹಾಡುಗಳು ಉದ್ದವಾದವು, ಮುಗಿಯಬೇಕಾದ ಕಡೆ ಮುಗಿಯುವುದಿಲ್ಲ, ಹನ್ನೊಂದರಲ್ಲಿ ನಾಲ್ಕು ಇಲ್ಲದಿದ್ದರೂ ನಷ್ಟವಿಲ್ಲ. ಒಬ್ಬರ ನೋವಿಗೆ ಗೌರವ ಕೊಡುವುದು ಬೇರೆ, ಕೃತಿ ಚೆನ್ನಾಗಿದೆ ಎನ್ನುವುದು ಬೇರೆ. ಅವರ ಅನುಭವ ನನ್ನ ಕಿವಿಯನ್ನು ತಿದ್ದಿತು, ನನ್ನ ತೀರ್ಮಾನವನ್ನು ಕೊಂಡುಕೊಳ್ಳಲಿಲ್ಲ. ಮರುವರ್ಷದ ಚೀಟಿಯಲ್ಲಿ ಅದನ್ನು ಹನ್ನೊಂದರಿಂದ ಏಳಕ್ಕೆ ತಂದೆ. ಯಾಕೆ ಏಳು, ಯಾಕೆ ಒಂದಲ್ಲ ಎಂದು ಅವರ ಎದುರೇ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಏಳಕ್ಕೆ ಬಂತಾ? ಸಾಕು ಬಿಡಮ್ಮ' ಅಂದರು. ಸಂಶೋಧನೆಯ ಐದು ವರ್ಷದಲ್ಲಿ ನನ್ನ ಯಾವ ಪ್ರಬಂಧಕ್ಕೂ ಇಷ್ಟು ಒಳ್ಳೆಯ ಪ್ರತಿಕ್ರಿಯೆ ಬಂದಿಲ್ಲ.

ಇನ್ನು ನನ್ನ ಮೊದಲ ಸ್ಥಾನ. ಅದು 'ಆ್ಯಂಡ್ ಜಸ್ಟೀಸ್ ಫಾರ್ ಆಲ್'. ಅಕ್ಷರಮಾಲೆಯ ಕೃಪೆಯಿಂದ ನಾನು ಮೊದಲು ಕೇಳಿದ್ದು ಅದನ್ನೇ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕಾರಣ ಅಷ್ಟೇ ಅಲ್ಲ. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಬಾಸ್ ಗಿಟಾರಿನ ಕ್ಲಿಫ್ ಬರ್ಟನ್ ತೀರಿಕೊಂಡಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅವನ ಜಾಗಕ್ಕೆ ಬಂದ ನ್ಯೂಸ್ಟೆಡ್ ಈ ಆಲ್ಬಮ್ಮಿನುದ್ದಕ್ಕೂ ನುಡಿಸಿದ್ದಾನೆ, ಆದರೆ ಮಿಶ್ರಣದಲ್ಲಿ ಬಾಸನ್ನು ಎಷ್ಟು ತಗ್ಗಿಸಿದ್ದಾರೆಂದರೆ ಅವನು ಕೇಳಿಸುವುದೇ ಇಲ್ಲ. ಅಭಿಮಾನಿಗಳು ಇದನ್ನು ದೊಡ್ಡ ದೋಷ ಎನ್ನುತ್ತಾರೆ. ದೋಷ ಹೌದು. ಆದರೆ ಆ ಒಣ, ಟೊಳ್ಳು ಸದ್ದೇ ಯುದ್ಧ, ನ್ಯಾಯಾಲಯ, ಸುಟ್ಟ ಭೂಮಿಯ ಬಗೆಗಿನ ಆ ಹಾಡುಗಳಿಗೆ ಸರಿಯಾಗಿ ಹೊಂದಿದೆ. ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಇದ್ದೂ ಕೇಳಿಸುತ್ತಿಲ್ಲ. ಆ ಖಾಲಿ ಜಾಗ ಅರವತ್ತೈದು ನಿಮಿಷವೂ ಕಿವಿಗೆ ತಾಗುತ್ತದೆ.

ಇದಕ್ಕೆ ಅಣ್ಣನ ಉತ್ತರ ಗಟ್ಟಿಯಾಗಿತ್ತು. 'ಅದೇ ಆಲ್ಬಮ್ಮಿನ "ವನ್" ಹಾಡನ್ನ ಮೈದಾನದಲ್ಲಿ ಕೇಳಿದ್ರೆ ನೀನು ಹೀಗೆ ಹೇಳ್ತಿರ್ಲಿಲ್ಲ. ಅಲ್ಲಿ ಬಾಸು ಎದೆಗೇ ಗುದ್ದುತ್ತೆ.' ಆ ಹೊತ್ತಿಗೆ ಬಾಸ್ ರಾಬರ್ಟ್ ಟ್ರುಹಿಯೋನ ಕೈಯಲ್ಲಿತ್ತು. ಅಣ್ಣ ಹೇಳಿದ್ದು ಸರಿ. ಅಲ್ಲಿದ್ದವರಿಗೆ ಮಾತ್ರ ಗೊತ್ತಿರುವ ಸತ್ಯ ಅದು, ಅದನ್ನು ನಾನು ಅವನಿಂದ ಸಾಲ ಪಡೆಯಬೇಕು. ಆದರೆ ಆ ಆಲ್ಬಮ್ಮಿನಲ್ಲಿ ಏನು ಇಲ್ಲ ಎಂಬುದನ್ನು ಹದಿನಾಲ್ಕನೆಯ ವಯಸ್ಸಿನಿಂದ ಕೇಳುತ್ತ ಬಂದವಳು ನಾನು. ಅದನ್ನು ಅವನು ನನ್ನಿಂದ ಪಡೆಯಬಹುದು ಅಂತ ಹೇಳಿದೆ. ಅಣ್ಣ ತಲೆ ಕೆರೆದುಕೊಂಡು ತನ್ನ ಚೀಟಿಯ ಮೂರನೆಯ ಸಾಲನ್ನು ಹೊಡೆದುಹಾಕಿ ಏನೋ ಬರೆದ.

ಆ ವರ್ಷ 'ಜಸ್ಟೀಸ್' ಒಂದೇ ಅಂಕದಿಂದ ಎರಡನೆಯ ಸ್ಥಾನಕ್ಕೆ ಬಂತು. ಬ್ಯಾಂಕಿನವರಿಗೆ ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಮೊದಲಿಂದ ಕೂಡಿದರು. ನನ್ನ ಚೀಟಿಯನ್ನೂ ಸೇರಿಸಿಯೇ ಕೂಡಿದರು.