ಜೀರ್ಣತೆಯ ವೇಷ ತೊಟ್ಟ ಅಕ್ಷರ

ಪ್ರಾಚೀನ ಕೃತಿಗಳನ್ನು ಮುದ್ರಿಸುವಾಗ ಮುಖಪುಟದ ಶೀರ್ಷಿಕೆಗೆ ಅಂಚು ಹರಿದ, ಮೈ ಒರಟಾದ ಅಕ್ಷರಗಳನ್ನು ಬಳಸುವುದುಂಟು. ಯುರೋಪಿನ ಗಾಥಿಕ್, ಅರ್ಥಾತ್ ‘ಬ್ಲ್ಯಾಕ್‌ಲೆಟರ್’ ಲಿಪಿಯನ್ನು ಒರಟುಗೊಳಿಸಿ ರಚಿಸಿದ ಶೀರ್ಷಿಕೆಯ ಅಚ್ಚುಗಳು ಈ ಅಭಿರುಚಿಗೆ ಸ್ಪಷ್ಟ ನಿದರ್ಶನ. ಅವುಗಳ ನೋಟ ಗಂಭೀರವಾದದ್ದು, ಭಿತ್ತಿಪತ್ರಕ್ಕೆ ಒಪ್ಪುವಂಥದು. ಆದರೆ ಹಸ್ತಪ್ರತಿಗಳ ಅಭ್ಯಾಸಿಗೆ ಇಲ್ಲಿ ಒಂದು ಆಕ್ಷೇಪವಿದೆ.

ಗಾಥಿಕ್ ಲಿಪಿ ಒರಟಾಗಿ ಹುಟ್ಟಿದ್ದಲ್ಲ. ಅಗಲಮೊನೆಯ ಗರಿಲೇಖನಿಯಿಂದ ಚರ್ಮಪತ್ರದ ಮೇಲೆ ಬರೆದ ಲಿಪಿಕಾರರು ದಪ್ಪನೆಯ ನೆಟ್ಟಗೆರೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು. ನೆಯ್ದ ಬಟ್ಟೆಯಂತೆ ತೋರುವ ಅದರ ಒಂದು ಪ್ರಭೇದಕ್ಕೆ ‘ಟೆಕ್ಸ್ಚುರಾ’ ಎಂದೇ ಹೆಸರು. ಸುಮಾರು 1455ರಲ್ಲಿ ಬೈಬಲನ್ನು ಅಚ್ಚುಮಾಡಿದ ಗುಟೆನ್‌ಬರ್ಗನು ಈ ಕೈಬರಹವನ್ನೇ ಲೋಹದ ಮೊಳೆಗಳಿಗೆ ಇಳಿಸಿದನು. ಅಂಚಿನ ಒರಟುತನವಾದರೋ ಮೊಳೆ ಸವೆದು, ಒತ್ತಿದಾಗ ಮಸಿ ಹೊರಚಾಚಿ ಉಂಟಾದದ್ದು. ಅದು ಅಕ್ಷರದ ಗುಣವಲ್ಲ, ಅಕ್ಷರಕ್ಕೆ ಒದಗಿದ ಅವಸ್ಥೆ.

ಈ ವಿವೇಕ ನಮ್ಮ ಓಲೆಗರಿಗಳ ವಿಷಯದಲ್ಲಿಯೂ ಅವಶ್ಯ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಕನ್ನಡದೊಡನೆ ತಿಗಳಾರಿ ಲಿಪಿಯೂ ಬಳಕೆಯಲ್ಲಿತ್ತು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅದರ ಓಲೆಗಳಿವೆ. ಕಬ್ಬಿಣದ ಕಂಟದಿಂದ ಕೊರೆದು ಮಸಿ ತೀಡಿದ ಆ ಅಕ್ಷರಗಳು ದುಂಡಗಿನವು. ಗರಿ ಸೀಳಿದರೆ ಬಿರುಕು ಅಕ್ಷರವನ್ನು ಲೆಕ್ಕಿಸದೆ ನಾರಿನ ಗುಂಟ ಸಾಗುತ್ತದೆ. ಹುಳು ಕೊರೆದರೆ ರಂಧ್ರ ಗರಿಯಿಂದ ಗರಿಗೆ ಇಳಿಯುತ್ತದೆ. ಕದಡಿದ ಗರಿಗಳ ಅನುಕ್ರಮವನ್ನು ಗುರುತಿಸಲು ಸಂಪಾದಕನಿಗೆ ಈ ರಂಧ್ರಗಳೇ ಎಷ್ಟೋ ವೇಳೆ ನೆರವಾಗುತ್ತವೆ. ಹೊಂಬುಜದ 1077ರ ಶಾಸನವನ್ನು ಓದುವಾಗಲೂ ಉಳಿಯ ಗೆರೆ ಯಾವುದು, ಕಾಲದ ಸವೆತ ಯಾವುದು ಎಂದು ಬೇರ್ಪಡಿಸಿಯೇ ಓದಬೇಕು. ಒರಟು ಅಚ್ಚಿನಲ್ಲಿ ಮೂರು ಸಲ ಬಂದ ಒಂದೇ ಅಕ್ಷರಕ್ಕೆ ಮೂರು ಸಲವೂ ಒಂದೇ ಎಡೆಯಲ್ಲಿ ಗಾಯ. ಕಾಲ ಹಾಗೆ ಕಚ್ಚುವುದಿಲ್ಲ.

ಇದು ಕೇವಲ ಅಲಂಕಾರದ ಪ್ರಶ್ನೆಯೆಂದು ತಳ್ಳಿಹಾಕಲಾಗದು. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆತಿದೆ. ಇನ್ನು ಮುಂದೆ ಅದಕ್ಕೆ ಹೊಸ ಹೊಸ ಅಚ್ಚುಗಳು ರೂಪುಗೊಳ್ಳುವುವು. ಕಲಿಯುವ ತರುಣರು ಓಲೆಯನ್ನು ಕಾಣುವ ಮೊದಲು ಈ ಅಚ್ಚನ್ನೇ ಕಾಣುವರು. ಗರಿಯ ಮುಕ್ಕನ್ನು ಅಕ್ಷರದ ಕೊಕ್ಕೆಯೆಂದು ಒಮ್ಮೆ ಕಲಿತವನು ಮೂಲವನ್ನು ತಪ್ಪಾಗಿ ಓದುವನು. ಆ ತಪ್ಪು ಪಾಠಾಂತರವೆಂಬ ಹೆಸರಿನಲ್ಲಿ ಗ್ರಂಥದೊಳಗೆ ಸೇರುವುದು.

ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಗ್ರಂಥವನ್ನು ರಕ್ಷಿಸಿರೆಂದು ಪ್ರತಿಯ ಕೊನೆಯಲ್ಲಿ ಬೇಡಿಕೊಳ್ಳುವುದು ನಮ್ಮ ಲಿಪಿಕಾರರ ಸಂಪ್ರದಾಯ. ಅವರು ಅಂಜಿದ ಹಾನಿಯನ್ನೇ ನಾವು ಅವರ ಬರಹದ ಲಕ್ಷಣವಾಗಿ ಮೆರೆಸುವುದು ಉಚಿತವಲ್ಲ. ಶೀರ್ಷಿಕೆಗೆ ಪ್ರಾಚೀನತೆಯ ಛಾಯೆ ಬೇಕೆನ್ನುವವರು ಹಾನಿಗೊಳ್ಳದ ಗರಿಯೊಂದನ್ನು ಆರಿಸಿ, ಲಿಪಿಕಾರನ ಗೆರೆಯನ್ನು ಅನುಸರಿಸಿ ಅಕ್ಷರ ಬರೆಯಿಸಲಿ; ಆ ಪ್ರತಿ ಯಾವುದು, ಗರಿ ಎಷ್ಟನೆಯದು ಎಂಬುದನ್ನು ಒಳಪುಟದಲ್ಲಿ ಕಾಣಿಸಲಿ.